ಬುಧವಾರ, ಶುಕ್ರವಾರ ಮಾತ್ರ ಕೆಡುವ ಗಾಡಿ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಎಡಚನಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ, ನನ್ನ ಎಡ ಮಂಡಿಯನ್ನೂ ವರ್ಕ್‌ಶಾಪಿನ ಸೂರಿನ ಒಂದು ಶೀಟನ್ನೂ ಬಿಟ್ಟು. ನಿನ್ನ ಕಾರ್ಡು ಬಂದು ನಾಲ್ಕು ತಿಂಗಳಾಯಿತು. ಅದು ನಿನ್ನ ಭಾವನ ಹೆಸರಿಗೆ ಬಂದದ್ದರಿಂದ ಉತ್ತರ ಅವರೇ ಬರೆಯಲಿ ಎಂದು ನಾನು, ‘ನನ್ನ ಅಕ್ಷರ ನಂಗೇ ಓದೋಕಾಗಲ್ಲ, ನೀನೇ ಬರಿ’ ಎಂದು ಅವರು. ನಮ್ಮಿಬ್ಬರ ಈ ಜಗಳದಲ್ಲಿ ಕಾರ್ಡು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಗುಂಡಿಗಳ ಜೊತೆ ಬಿದ್ದಿತ್ತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಹನ್ನೊಂದು ವರ್ಷದಿಂದ ನೀನು ನನ್ನ ಹೆಸರಿಗೆ ಒಂದು ಸಾಲು ಬರೆದಿಲ್ಲ, ನಾನೂ ಬರೆದಿಲ್ಲ. ಈಗ ಅಕ್ಕನೇ ಮೊದಲು ಸೋತಳು ಎಂದು ಬೇಕಾದರೆ ಇಟ್ಟುಕೋ.

ನಿನ್ನ ಮಗಳ ಮುಂದಿನ ಎರಡು ಹಲ್ಲು ಬಿದ್ದವಂತೆ, ಅವಳೂ ಎಡಗೈಯಲ್ಲೇ ಬರೆಯುತ್ತಾಳಂತೆ. ಓದಿ ನಗು ಬಂತು. ಶಾಲೆಯಲ್ಲಿ ಯಾರಾದರೂ ಕೈ ಬದಲಾಯಿಸಲು ಹೇಳಿದರೆ ನನ್ನ ವಿಳಾಸ ಕೊಡು, ನಾನು ಬಂದು ಮಾತಾಡುತ್ತೇನೆ. ನೀನು ಆಸ್ಪತ್ರೆಯ ಲಿಫ್ಟುಗಳನ್ನು ನೋಡಿಕೊಳ್ಳುವುದನ್ನು ಭಾವ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ‘ನಮ್ ಭಾಮೈದ ಇಲ್ಲ ಅಂದ್ರೆ ಅಲ್ಲಿ ಡಾಕ್ಟರೂ ಮೆಟ್ಟಿಲು ಹತ್ತಬೇಕು’ ಎನ್ನುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಬೆಳಿಗ್ಗೆ ವರ್ಕ್‌ಶಾಪಿಗೆ ಆ ಕಾರು ಬಂತು. ಹೌದು, ಅದೇ. ಹಲ್ಲಿನ ಡಾಕ್ಟರರ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಆಗ ಹಳದಿ ಇತ್ತು, ಈಗ ನೀಲಿ ಬಳಿದಿದ್ದಾರೆ. ಬಣ್ಣ ಬದಲಾದರೇನು, ಹುಟ್ಟುಗುಣ ಹೋಗುತ್ತದೆಯೇ? ಸ್ವಿಚ್ ಒತ್ತಿದರೆ ಮೂತಿಯೊಳಗಿಂದ ಮೇಲೇಳುವ ಆ ಎರಡು ಹೆಡ್‌ಲೈಟಿನಲ್ಲಿ ಬಲಗಡೆಯದು ಈಗಲೂ ಒಂದು ಗಳಿಗೆ ತಡವಾಗಿಯೇ ಏಳುತ್ತದೆ, ಕಣ್ಣು ಹೊಡೆದಂತೆ. ಅದನ್ನು ನೋಡಿ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ನೆನಪಿದೆಯಾ?

ಆಮೇಲೆ ನಗುವಂಥದ್ದು ಏನೂ ಉಳಿಯಲಿಲ್ಲ. ಇಲಿ ಕಡಿದ ವೈರುಗಳನ್ನು ನಾವಿಬ್ಬರೂ ಸೇರಿ ಸರಿಮಾಡಿ ಕೊಟ್ಟ ಹನ್ನೆರಡನೇ ದಿನ ಸೇತುವೆಯ ತಿರುವಿನಲ್ಲಿ ಎಂಜಿನ್ನು, ದೀಪ ಎಲ್ಲ ಒಟ್ಟಿಗೆ ಸತ್ತವು. ಡಾಕ್ಟರು ಸೇತುವೆಯ ಕಟ್ಟೆಗೆ ಗುದ್ದಿ ಬಲ ಮಣಿಕಟ್ಟು ಮುರಿದುಕೊಂಡರು. ಮೇನ್ ವೈರಿನ ಜಾಯಿಂಟು ಬಿಟ್ಟಿದೆ ಎಂದು ನಮ್ಮಿಬ್ಬರಿಗೂ ಕೇಳಿದ ಕೂಡಲೇ ಹೊಳೆದಿತ್ತು. ಅದು ಯಾರ ಕೈಕೆಲಸ ಎಂದು ಅವರು ಕೇಳಿದಾಗ ನಾನು ನಾಲ್ಕು ಜನರ ಎದುರು ನಿನ್ನ ಹೆಸರು ಹೇಳಿದೆ. ನೀನು ‘ಅಕ್ಕಾ, ಆ ಜಾಯಿಂಟು ನಂದಲ್ಲ’ ಎಂದೆ. ಮರುದಿನ ಗೂಡಿನಲ್ಲಿ ನಿನ್ನ ಟೂಲ್ ಪೆಟ್ಟಿಗೆ ಇರಲಿಲ್ಲ. ಹಳೆಯದನ್ನು ಕೆದಕಲು ನಾನು ಕೂತಿಲ್ಲ. ನಾನು ಅವತ್ತು ಡಾಕ್ಟರರ ಶೆಡ್ಡಿಗೆ ಹೋಗಿ ಕಣ್ಣಾರೆ ನೋಡಿ ಬಂದೇ ಹೇಳಿದ್ದು. ಅದನ್ನು ಅಲ್ಲಿಗೇ ಬಿಡೋಣ. ಆ ವೈರನ್ನು ಆಮೇಲಿನ ಮೆಕ್ಯಾನಿಕ್ಕು ಪೂರ್ತಿ ತೆಗೆದು ಹೊಸದು ಎಳೆದನಂತೆ, ಆದ್ದರಿಂದ ಈಗಿನದು ಬೇರೆಯದೇ ರೋಗ.

ಈಗಿನ ಒಡತಿ ರಿಟೈರಾದ ಗಣಿತದ ಟೀಚರಮ್ಮ. ಅರವತ್ತೊಂದನೇ ವಯಸ್ಸಿಗೆ ಡ್ರೈವಿಂಗ್ ಕಲಿತು ಇದನ್ನು ಕೊಂಡರಂತೆ. ‘ಅರವತ್ತಕ್ಕೆ ಅರಳು ಮರಳು ಅಂದ ನನ್ನ ಮಗ. ಇಲ್ಲಪ್ಪ, ನಂಗೆ ಒಂದು ವರ್ಷ ಲೇಟಾಗಿ ಬಂತು ಅಂದೆ’ ಎಂದರು. ಅಲ್ಲಿಗೆ ನನಗೆ ಇಷ್ಟವಾಗಿಬಿಟ್ಟರು.

ರೋಗ ಹೀಗಿದೆ. ಓಡುತ್ತಿರುವ ಗಾಡಿ ಇದ್ದಕ್ಕಿದ್ದಂತೆ ಸಾಯುತ್ತದೆ. ಎಂಜಿನ್ನು, ಮೀಟರುಗಳು, ವೈಪರು, ಎಲ್ಲ. ಒಮ್ಮೊಮ್ಮೆ ಎರಡು ಸೆಕೆಂಡಿನಲ್ಲಿ ತಾನಾಗಿಯೇ ಜೀವ ಬರುತ್ತದೆ, ಒಮ್ಮೊಮ್ಮೆ ಹತ್ತು ನಿಮಿಷ ಹಠ ಹಿಡಿಯುತ್ತದೆ. ಐದು ವರ್ಕ್‌ಶಾಪು ಸುತ್ತಿದ್ದಾರೆ. ಬ್ಯಾಟರಿ ಬದಲಾಯಿತು, ಡೈನಮೋ ಬದಲಾಯಿತು, ಕೀ ಸ್ವಿಚ್ಚು ಎರಡು ಸಲ ಬದಲಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ಕುತೂಹಲದ ಸಂಗತಿಯೆಂದರೆ, ಮೆಕ್ಯಾನಿಕ್ಕು ಪಕ್ಕದಲ್ಲಿ ಕೂತರೆ ಗಾಡಿ ಒಂದು ಸಲವೂ ನಿಲ್ಲುವುದಿಲ್ಲ. ಮಗ ಕೂತರೂ ನಿಲ್ಲುವುದಿಲ್ಲ. ಟೀಚರಮ್ಮ ಒಬ್ಬರೇ ಇದ್ದಾಗ ಮಾತ್ರ. ಅದಕ್ಕೇ ಮಗರಾಯ, ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದು ತಾಯಿಯ ಮುಖಕ್ಕೇ ಹೇಳಿ, ಒಬ್ಬ ಗಿರಾಕಿಯನ್ನು ಗೊತ್ತುಮಾಡಿದ್ದಾನೆ. ಭಾನುವಾರ ಬಂದು ಗಾಡಿ ಒಯ್ಯುತ್ತಾನಂತೆ.

‘ಮಾರೋಕೆ ಒಪ್ಪಿದೀನಮ್ಮ’ ಎಂದರು ಟೀಚರಮ್ಮ. ‘ಆದ್ರೆ ತಪ್ಪು ಗಾಡೀದೋ ನಂದೋ ಅಂತ ಗೊತ್ತಾಗದೆ ಕೊಡೋಕೆ ಮನಸ್ಸಿಲ್ಲ. ಯಾರೂ ಬಿಚ್ಚಿ ನೋಡಿಲ್ಲ. ಎಲ್ಲರೂ ನನ್ನ ಮುಖ ನೋಡಿ ತೀರ್ಮಾನ ಮಾಡಿದ್ರು.’

ನಾನು ಬಾನೆಟ್ ಎತ್ತಿದೆ.

ಅವರ ಬಳಿ ಒಂದು ಚೌಕಳಿ ಹಾಳೆಯ ನೋಟುಪುಸ್ತಕ ಇದೆ. ಗಾಡಿ ಸತ್ತ ಹದಿನೇಳು ಸಲಕ್ಕೂ ಒಂದೊಂದು ಸಾಲು: ತಾರೀಕು, ಗಂಟೆ, ವೇಗ, ಬಿಸಿಲೋ ಮಳೆಯೋ, ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟು, ಯಾವ ರಸ್ತೆ. ಅದನ್ನು ಇವತ್ತು ಭಾವನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು ಕೂತೆವು. ಬಿಸಿಲಿಗೂ ಸಂಬಂಧವಿಲ್ಲ, ಮಳೆಗೂ ಇಲ್ಲ, ವೇಗಕ್ಕೂ ಇಲ್ಲ. ಭಾವನೇ ಸೀಮೆಸುಣ್ಣದಲ್ಲಿ ಎಣಿಸಿ ಹೇಳಿದರು: ‘ನೋಡೇ, ಹತ್ತು ಬುಧವಾರ, ಏಳು ಶುಕ್ರವಾರ. ಬೇರೆ ದಿನ ಒಂದೂ ಇಲ್ಲ. ವಾರಕ್ಕೆ ಎರಡು ರಜಾ ತಗೊಳ್ಳೋ ಗಾಡಿ ಇದು.’

ವೈರಿಗೆ ವಾರ ಗೊತ್ತಾಗುವುದು ಹೇಗೆ, ನೀನೇ ಹೇಳು! ಇದನ್ನು ತಿಳಿಯದೆ ನನಗೆ ಅನ್ನ ಸೇರುವುದಿಲ್ಲ. ತಿಳಿದ ಮೇಲೆ ಮುಂದುವರಿಸುತ್ತೇನೆ.

ಗುರುವಾರ

ತಿಳಿಯಲಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಇಂಥದ್ದನ್ನು ಕೇಳಿ ಕಿವಿ ನಿಮಿರಿಸುವವನು ನೀನೊಬ್ಬನೇ.

ಬುಧವಾರ, ಶುಕ್ರವಾರ ಟೀಚರಮ್ಮ ಏನು ಮಾಡುತ್ತಾರೆಂದು ಕೇಳಿದೆ. ಗೋದಾಮಿನ ಕೆಲಸಗಾರರಿಗೆ ಸಂಜೆ ಲೆಕ್ಕ ಕಲಿಸಲು ಹೋಗುತ್ತಾರಂತೆ, ಪುಕ್ಕಟೆ. ಬೇರೆ ದಿನ ಅದೇ ರಸ್ತೆಯಲ್ಲಿ ತರಕಾರಿಗೆ ಹೋದರೆ ಗಾಡಿಗೆ ಏನೂ ಆಗುವುದಿಲ್ಲ. ನಾನು ಯೋಚಿಸಿ ಯೋಚಿಸಿ ತಲೆ ಕೆರೆದುಕೊಂಡೆ. ಕೊನೆಗೆ ಅಪ್ಪ ಹೇಳುತ್ತಿದ್ದದ್ದು ನೆನಪಾಯಿತು: ಊಹೆ ನಂಬಬೇಡ, ದೀಪ ನಂಬು.

ಮೂರು ಚಿಕ್ಕ ಬಲ್ಬು ತೆಗೆದುಕೊಂಡೆ. ಒಂದನ್ನು ನೇರ ಬ್ಯಾಟರಿಗೆ ಸೇರಿಸಿದೆ. ಇನ್ನೊಂದನ್ನು ಕೀ ಸ್ವಿಚ್ಚಿಗೆ ಕರೆಂಟು ಬಂದು ಸೇರುವ ಜಾಗಕ್ಕೆ. ಮೂರನೆಯದನ್ನು ಸ್ವಿಚ್ಚಿನಿಂದ ಹೊರಬೀಳುವ ಜಾಗಕ್ಕೆ. ಮೂರನ್ನೂ ಒಂದು ಹಲಗೆಗೆ ಕಟ್ಟಿ ತೊಡೆಯ ಮೇಲಿಟ್ಟುಕೊಂಡರೆ, ಗಾಡಿ ಸಾಯುವ ಗಳಿಗೆಯಲ್ಲಿ ಯಾವುದು ಆರುತ್ತದೋ ಅಲ್ಲಿಗೆ ಕಳ್ಳ ಸಿಕ್ಕಂತೆ. ತಾತ್ಕಾಲಿಕ ಜಾಯಿಂಟೇ ಆದರೂ ಅಪ್ಪನ ನಾಲ್ಕು ಹೆಜ್ಜೆ ಬಿಡಲಿಲ್ಲ: ತಿರುಚು, ಬೆಸುಗೆ ಹಾಕು, ಟೇಪು ಸುತ್ತು, ದಾರ ಕಟ್ಟು. ದಾರ ಮಾತ್ರ ಭಾವನ ಉಂಡೆಯಿಂದ ಕದ್ದದ್ದು. ಆ ಚಾಳಿ ನನಗೆ ಇನ್ನೂ ಹೋಗಿಲ್ಲ. ಅಪ್ಪನ ಹಾಗೆ ಬಿಳಿ ದಾರಕ್ಕೆ ಮೇಣ ಹಚ್ಚಿ ಇಟ್ಟುಕೊಳ್ಳುತ್ತಿದ್ದವನು ನೀನು. ನನಗೆ ಯಾವತ್ತೂ ಅಷ್ಟು ತಾಳ್ಮೆ ಇರಲಿಲ್ಲ.

ನಿನ್ನೆ ಬುಧವಾರ ಟೀಚರಮ್ಮನ ಪಕ್ಕದಲ್ಲಿ ಕೂತು ಹೊರಟೆ. ಕೂತೆ ಎನ್ನುವುದಕ್ಕಿಂತ ಬಿದ್ದೆ ಎನ್ನಬೇಕು, ಅಷ್ಟು ತಗ್ಗು ಆ ಸೀಟು. ಹೋಗುವಾಗ ಮೂರೂ ದೀಪ ಉರಿದವು. ನೀರಿನ ಟ್ಯಾಂಕಿನ ಹತ್ತಿರ ಬಲಕ್ಕೆ ದೊಡ್ಡ ತಿರುವು ಇದೆಯಲ್ಲ, ಹದಿನೇಳರಲ್ಲಿ ಒಂಬತ್ತು ಸಲ ಅಲ್ಲೇ ಸತ್ತಿದೆ. ದೀಪಗಳ ಮೇಲೆ ಕಣ್ಣಿಟ್ಟೆ. ಏನೂ ಆಗಲಿಲ್ಲ. ಪಾಠ ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಕೂತು ಭಿನ್ನರಾಶಿ ಕಲಿತೆ. ಬರುವಾಗಲೂ ಮೂರು ದೀಪ. ನಾನಿದ್ದಷ್ಟು ಹೊತ್ತು ಗಾಡಿ ಸಾಧು ಹಸು.

ಟೀಚರಮ್ಮ ಗಾಡಿ ನಿಲ್ಲಿಸಿದರೂ ಸ್ಟೇರಿಂಗ್ ಬಿಡಲಿಲ್ಲ. ಆಮೇಲೆ ‘ನೀನೂ ನನ್ನ ಮಗನ ಹಾಗೇ ಅಂದುಕೊಳ್ತೀಯೇನಮ್ಮ?’ ಎಂದರು. ದೊಡ್ಡ ಕ್ಲಾಸುಗಳನ್ನು ಅಂಕೆಯಲ್ಲಿಟ್ಟ ಹೆಂಗಸು ಕೇಳಿದ ಮಾತು ಇದು. ‘ಇಲ್ಲ ಟೀಚರಮ್ಮ. ನೀವು ಹದಿನೇಳು ಸಲ ಬರೆದಿದ್ದು ಸುಳ್ಳಲ್ಲ. ಬರೀದೇ ಬಿಟ್ಟಿದ್ದು ಏನೋ ಇದೆ’ ಎಂದೆ.

ಭಾನುವಾರ

ಸಿಕ್ಕಿತು ಕಣೋ! ಕಳ್ಳ ಸಿಕ್ಕಿದ್ದು ದೀಪದಿಂದಲ್ಲ, ಡಿಕ್ಕಿಯ ಮುಚ್ಚಳದಿಂದ.

ಶುಕ್ರವಾರ ಸಂಜೆ ಮತ್ತೆ ಹೊರಡುವಾಗ ಡಿಕ್ಕಿ ತೆರೆಯಲಿಲ್ಲ. ಟೀಚರಮ್ಮ ಒಂದು ತಗಡಿನ ಪೆಟ್ಟಿಗೆ ಎತ್ತಿಕೊಂಡು ನಿಂತು ಗೊಣಗಿದರು: ‘ಕ್ಲಾಸಿಗೆ ಹೋಗೋವಾಗೆಲ್ಲ ಪಕ್ಕದ ಸೀಟಿನ ಕೆಳಗಡೆ ಕಾಲಿಡೋ ಜಾಗದಲ್ಲಿ ಹಾಯಾಗಿ ಕೂರೋದು ಇದು. ನೀವೆಲ್ಲ ಬಂದು ಕೂತ್ರಿ ಅಂದ್ರೆ ಇದಕ್ಕೆ ಡಿಕ್ಕೀನೇ ಗತಿ.’

ನಾನು ಪೆಟ್ಟಿಗೆಗೆ ಕೈ ಹಾಕಿ ತೂಕ ನೋಡಿದೆ. ‘ಟೀಚರಮ್ಮ, ಅದರಲ್ಲಿ ಏನಿದೆ?’

‘ಕ್ಲಾಸಿನದು. ಮೂವತ್ತು ನೋಟುಪುಸ್ತಕ, ಸೀಮೆಸುಣ್ಣ, ತೂಕದ ಲೆಕ್ಕಕ್ಕೆ ಅಂತ ನಾಲ್ಕು ಕಬ್ಬಿಣದ ತೂಕದ ಕಲ್ಲು.’

ಬುಧವಾರ, ಶುಕ್ರವಾರ ಮಾತ್ರ ಈ ಪೆಟ್ಟಿಗೆ! ಪಕ್ಕದಲ್ಲಿ ಮನುಷ್ಯ ಕೂತರೆ ಪೆಟ್ಟಿಗೆ ಅಲ್ಲಿರುವುದಿಲ್ಲ, ಪೆಟ್ಟಿಗೆ ಇಲ್ಲದಿದ್ದರೆ ಗಾಡಿ ನಿಲ್ಲುವುದಿಲ್ಲ. ಐದು ವರ್ಕ್‌ಶಾಪಿನವರು ಗಾಡಿ ಪರೀಕ್ಷೆ ಮಾಡಲು ಕೂತು ಕೂತು ರೋಗವನ್ನೇ ಹೊರಗೆ ಕಳಿಸುತ್ತಿದ್ದರು, ಈಗ ನಾನೂ ಅಷ್ಟೇ. ನಗು ತಡೆಯಲಾಗಲಿಲ್ಲ. ಪೆಟ್ಟಿಗೆಯನ್ನು ಅದರ ಜಾಗದಲ್ಲೇ ಇಡಿಸಿ, ನಾನು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ, ಮಡಿಲಲ್ಲಿ ದೀಪದ ಹಲಗೆ. ನನ್ನ ಮಂಡಿ ಅವತ್ತು ಏನು ಶಾಪ ಹಾಕಿತೋ ಅದಕ್ಕೇ ಗೊತ್ತು.

ಟ್ಯಾಂಕಿನ ತಿರುವು ಬಂತು. ಟೀಚರಮ್ಮ ಬಲಕ್ಕೆ ಎಳೆದರು. ಪೆಟ್ಟಿಗೆ ರಬ್ಬರ್ ಮ್ಯಾಟಿನ ಮೇಲೆ ಸರ್ರನೆ ಎಡಕ್ಕೆ ಜಾರಿ ಗಾಡಿಯ ಒಳಬದಿಗೆ ಮುಚ್ಚಿದ ಪಕ್ಕದ ಹಲಗೆಗೆ ದಢ್ ಎಂದು ಒರಗಿತು. ಎಂಜಿನ್ನು ಸತ್ತಿತು. ಮೊದಲ ದೀಪ ಉರಿಯುತ್ತಿತ್ತು, ಎರಡನೆಯದೂ ಮೂರನೆಯದೂ ಆರಿದ್ದವು. ನಾನು ಬಗ್ಗಿ ಪೆಟ್ಟಿಗೆಯನ್ನು ಈಚೆಗೆ ಎಳೆದೆ. ಮೂರೂ ದೀಪ ಹತ್ತಿಕೊಂಡವು. ಒತ್ತಿದೆ, ಆರಿದವು. ಎಳೆದೆ, ಹತ್ತಿದವು. ಟೀಚರಮ್ಮ ರಸ್ತೆ ಪಕ್ಕ ಗಾಡಿ ನಿಲ್ಲಿಸಿಕೊಂಡು, ಇಪ್ಪತ್ತು ಸಲವಾದರೂ ಅದನ್ನು ನೋಡಿದರು. ‘ಇನ್ನೊಂದ್ಸಲ ಒತ್ತಮ್ಮ, ಇನ್ನೊಂದ್ಸಲ’ ಎನ್ನುತ್ತಿದ್ದರು, ಚಿಕ್ಕ ಮಕ್ಕಳ ಹಾಗೆ.

ಹಾಗಾದರೆ ತಪ್ಪು ಬ್ಯಾಟರಿಗೂ ಕೀ ಸ್ವಿಚ್ಚಿಗೂ ನಡುವಿನ ವೈರಿನಲ್ಲಿ, ಆ ಪಕ್ಕದ ಹಲಗೆಯ ಹಿಂದೆ. ವರ್ಕ್‌ಶಾಪಿಗೆ ಬಂದು ಎರಡು ಸ್ಕ್ರೂ ಬಿಚ್ಚಿದೆ. ಬೆಸುಗೆ ಇಲ್ಲದ ಒಂದು ಹಳೆಯ ಜಾಯಿಂಟು. ಬರೀ ತಿರುಚಿ, ಟೇಪು ಸುತ್ತಿ, ದಾರ ಕಟ್ಟಿದ್ದು. ಟೇಪು ಒಣಗಿ ಸಡಿಲವಾಗಿತ್ತು, ಒಳಗೆ ತಾಮ್ರ ಹಸಿರುಗಟ್ಟಿತ್ತು. ಹಲಗೆ ಒತ್ತಿದರೆ ಎಳೆಗಳು ಬಿಟ್ಟುಕೊಳ್ಳುತ್ತಿದ್ದವು, ಒತ್ತುವುದು ನಿಂತರೆ ತಾಗುತ್ತಿದ್ದವು. ವೈರು ಪೂರ್ತಿ ಹೊಸದು ಎಂದವನು ಕೀ ಸ್ವಿಚ್ಚಿನ ಬಳಿ ಒಂದು ಗೇಣು ಮಾತ್ರ ಬದಲಾಯಿಸಿದ್ದ. ‘ಇದು ಯಾರ ಕೆಲಸ?’ ಎಂದು ಟೀಚರಮ್ಮ ಕೇಳಿದರು. ಹಳೆಯ ಕೆಲಸ ಎಂದೆ.

ಅದನ್ನು ಆಗಲೇ ಸರಿಮಾಡಬೇಡ ಎಂದರು ಅವರು. ನಿನ್ನೆ ಶನಿವಾರ ಮಗನನ್ನು ಕರೆತಂದು ಕೀ ಅವನ ಕೈಗೆ ಕೊಟ್ಟರು. ‘ನೀನೇ ಓಡ್ಸು. ಒಬ್ಬನೇ. ಪೆಟ್ಟಿಗೆ ಪಕ್ಕದಲ್ಲಿರಲಿ.’ ವರ್ಕ್‌ಶಾಪಿನ ಹಿಂದಿನ ಬಯಲಿನಲ್ಲಿ ಅವನು ಎರಡು ಸುತ್ತು ಹಾಕಿದ. ಮೂರನೆಯದರಲ್ಲಿ ಬಲಕ್ಕೆ ತಿರುಗಿಸಿದ, ಗಾಡಿ ಕೆಮ್ಮದೆ ಕ್ಯಾಕರಿಸದೆ ನಿಂತಿತು. ಮಗ ಇಳಿದು ಅದನ್ನು ಸುತ್ತು ಹಾಕಿ ನೋಡಿ, ಬಾನೆಟ್ ಎತ್ತಿ ನೋಡಿ, ಕೊನೆಗೆ ಬಿಸಿಲಿನಲ್ಲಿ ನಡೆದುಕೊಂಡು ಬಂದ. ‘ಅಮ್ಮಾ, ನಿನ್ ತಪ್ಪಲ್ಲ’ ಎಂದ. ‘ನಂಗದು ಗೊತ್ತಿತ್ತಪ್ಪ. ನಿಂಗೆ ಗೊತ್ತಾಗೋದಷ್ಟೇ ಬಾಕಿ ಇತ್ತು’ ಎಂದರು ಟೀಚರಮ್ಮ. ಆಮೇಲೆ ನನ್ನ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಆ ಹುಡುಗ ನಿಂತಲ್ಲೇ ಗಿರಾಕಿಗೆ ಫೋನು ಮಾಡಿ ಬರುವುದು ಬೇಡವೆಂದ. ಸಂಜೆಯೊಳಗೆ ಹೊಸ ವೈರು ಎಳೆದು, ನಾಲ್ಕೂ ಹೆಜ್ಜೆ ಮಾಡಿ, ಹಲಗೆ ಮುಚ್ಚಿ ಕೊಟ್ಟೆ. ಹೊರಡುವಾಗ ಬಲಗಣ್ಣು ತಡವಾಗಿ ಎದ್ದಿತು. ಅದನ್ನೂ ಸರಿಮಾಡಲೇ ಎಂದರೆ, ‘ಬೇಡ, ಅದಿರಲಿ’ ಎಂದರು.

ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರಲ್ಲ, ಇಲ್ಲಿ ಇಲಿ ಹಿಡಿಯಲು ಹನ್ನೊಂದು ವರ್ಷವಾಯಿತು.

ನಿನ್ನ ಹೆಂಡತಿಗೆ ನನ್ನ ನೆನಪುಗಳನ್ನು ತಿಳಿಸು. ಮಗುವಿಗೆ ಎರಡು ಹೊಸ ಹಲ್ಲು ಬೇಗ ಬರಲಿ, ಗಟ್ಟಿಯಾಗಿ ಬರಲಿ. ನೀನು ಕೈ ಇಟ್ಟ ಲಿಫ್ಟು ಯಾರನ್ನೂ ನಡುವೆ ನಿಲ್ಲಿಸದಿರಲಿ. ನಿಮ್ಮ ಮನೆ ತಣ್ಣಗಿರಲಿ.

ಇಂತು ನಿನ್ನ,
ಅಕ್ಕ

ತಾ.ಕ.: ಲಕೋಟೆಯ ಮೂಲೆಯಲ್ಲಿ ಕಾಗದದ ಪೊಟ್ಟಣ ಇದೆ, ಎಸೆದುಬಿಟ್ಟೀಯ. ಆ ಜಾಯಿಂಟು. ಎರಡು ಕಡೆಗೂ ಒಂದೊಂದು ಬೆರಳು ವೈರು ಬಿಟ್ಟು ಕತ್ತರಿಸಿದ್ದೇನೆ. ಬೆಳಕಿಗೆ ಹಿಡಿದು ನೋಡು, ಎಳೆಗಳು ಬಲಕ್ಕೆ ತಿರುಗಿವೆ. ನೀನು ಹುಟ್ಟಿದಾರಭ್ಯ ಒಂದು ವೈರನ್ನೂ ಬಲಕ್ಕೆ ತಿರುಚಿದವನಲ್ಲ. ಮೇಲಿನ ದಾರ ಮೇಣದ್ದಲ್ಲ, ಭಾವನ ಅಂಗಡಿಯ ಹಸಿರು ದಾರ. ಅದು ನನ್ನ ಜಾಯಿಂಟು. ಕೆಲಸ ಮಾಡಿದ ದಿನ ಬೆಸುಗೆಯ ಕಡ್ಡಿ ನಿನ್ನ ಕೈಯಲ್ಲಿತ್ತು. ಆಮೇಲೆ ಹಾಕಿದರಾಯಿತು ಎಂದು ಸುತ್ತಿ ಕಟ್ಟಿಟ್ಟೆ, ಅಷ್ಟರಲ್ಲಿ ಯಾರೋ ಕರೆದರು, ಮರೆತೆ. ಮರೆವು ಯಾರಿಗಾದರೂ ಬರುತ್ತದೆ, ಅದಕ್ಕೆ ನೀನು ಕ್ಷಮಿಸಿಬಿಡುತ್ತಿದ್ದೆ.

ಇನ್ನೊಂದು ಹಾಗಲ್ಲ. ಕಣ್ಣಾರೆ ನೋಡಿ ಬಂದೇ ಹೇಳಿದ್ದು ಎಂದು ಮಂಗಳವಾರ ಬರೆದಿದ್ದೇನೆ. ಅದು ಸುಳ್ಳು. ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ, ನೀನು ನೋಡಬೇಕೆಂದು. ಡಾಕ್ಟರರ ಶೆಡ್ಡಿಗೆ ಟಾರ್ಚು ಹಿಡಿದು ಹೋದದ್ದು ನಿಜ. ಆ ಹಲಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತದ್ದೂ ನಿಜ. ಎರಡೇ ಸ್ಕ್ರೂ. ಬಿಚ್ಚಲಿಲ್ಲ. ಬೆಸುಗೆ ಹಾಕಿದ ನೆನಪು ನನಗೆ ಬರುತ್ತಿರಲಿಲ್ಲ, ಬಿಚ್ಚಿದರೆ ಏನು ಕಾಣುತ್ತದೋ ಎಂದು ಹೆದರಿದೆ. ಎದ್ದು ಹೊರಗೆ ಬಂದು ನಿನ್ನ ಹೆಸರು ಹೇಳಿದೆ. ಎಡಚನ ಕೆಲಸ ಎಂದರೆ ಜನ ಬೇಗ ನಂಬುತ್ತಾರೆ ಎಂದೂ ನನಗೆ ಗೊತ್ತಿತ್ತು. ಎಮ್ಮೆಗೆ ಬರೆ ಹಾಕಿದವಳು ನಾನೇ. ಈ ಸೋಮವಾರ ಗಾಡಿ ಬಂದಾಗಲೂ ನನ್ನ ಕೈ ಮೊದಲು ಹೋದದ್ದು ಆ ಹಲಗೆಗೇ. ವಾಪಸ್ ತೆಗೆದುಕೊಂಡು ನೋಟುಪುಸ್ತಕ ಓದುತ್ತಾ ಕೂತೆ.

ಇವತ್ತು ಬೆಳಿಗ್ಗೆ ಡಾಕ್ಟರರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಬಲ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತಾ, ‘ನನ್ನ ಬ್ಯಾಗೂ ಆ ಕಾಲಿಡೋ ಜಾಗದಲ್ಲೇ ಇರ್ತಿತ್ತು’ ಎಂದರು.  ಆಮೇಲೆ ‘ನಂಗೆ ಹೇಳಿದ್ದಾಯ್ತು. ಅವನಿಗೆ?’ ಎಂದರು. ಅವತ್ತು ಕೇಳಿಸಿಕೊಂಡ ನಾಲ್ವರಲ್ಲಿ ಈಗ ಊರಲ್ಲಿರುವ ಇಬ್ಬರಿಗೂ ಹೇಳಿ ಬಂದೆ. ಭಾವನಿಗೆ ಹೇಳಿದಾಗ ಅವರು ಕತ್ತರಿ ಕೆಳಗಿಟ್ಟು, ಡ್ರಾಯರಿನಿಂದ ನಿನ್ನ ಕಾರ್ಡು ತೆಗೆದು ವಿಳಾಸ ಕಾಣುವ ಹಾಗೆ ನನ್ನ ಮುಂದಿಟ್ಟರು.

ಬಾ ಎನ್ನಲು ನನಗೆ ಮುಖವಿಲ್ಲ. ಆ ಜಾಯಿಂಟನ್ನು ಬಿಚ್ಚಿ ನೋಡಬೇಕೆನಿಸಿದರೆ, ಮೊದಲು ದಾರ ಕತ್ತರಿಸು, ಟೇಪು ತೆಗೆ, ಆಮೇಲೆ ಎಳೆಗಳನ್ನು ಎಡಕ್ಕೆ ತಿರುಗಿಸು. ನಿನ್ನ ಕೈಗೆ ಅದು ಸಲೀಸು.